ಕಸಿಯ ನಂತರದ ಬಾಳುವೆ

ಮಾವಿನ ಗಿಡಕ್ಕೆ ಕಸಿ ಕಟ್ಟುವ ಕ್ರಮವನ್ನು ನಮ್ಮ ಕಡೆಯ ಕೃಷಿಕರೆಲ್ಲರೂ ಬಲ್ಲರು. ಕಾಟುಮಾವಿನ ಸಸಿಯ ಬುಡಕ್ಕೆ ಒಳ್ಳೆಯ ಜಾತಿಯ ಟಿಸಿಲೊಂದನ್ನು ಸೇರಿಸಿ, ಬಿಗಿಯಾಗಿ ಸುತ್ತಿ, ನೆರಳಿನಲ್ಲಿಟ್ಟು ಕೆಲವು ವಾರ ಕಾದರೆ ಎರಡು ಜೀವಗಳು ಒಂದಾಗಿ ಬೆಳೆಯತೊಡಗುತ್ತವೆ. ಆ ಮೇಲೆ ಸುತ್ತಿದ ಪಟ್ಟಿಯನ್ನು ಬಿಚ್ಚಿದರಾಯಿತು; ಗಿಡವು ತನ್ನ ಪಾಡಿಗೆ ತಾನು ಬೆಳೆದು ಫಲ ಕೊಡುತ್ತದೆ. ವೈದ್ಯರು ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನ ಶರೀರಕ್ಕೆ ಸೇರಿಸುವ ಶಸ್ತ್ರಕ್ರಿಯೆಗೆ ಕನ್ನಡದಲ್ಲಿ ಇದೇ 'ಕಸಿ' ಎಂಬ ಶಬ್ದವನ್ನು ಬಳಸುತ್ತಿರುವುದು ಬಹಳ ಸೊಗಸಾದ ಮಾತೇ ಸರಿ. ಆದರೆ ಈ ಎರಡು ಕಸಿಗಳಲ್ಲಿ ಒಂದು ದೊಡ್ಡ ವ್ಯತ್ಯಾಸವುಂಟು. ಮಾವಿನ ಕಸಿಯು ಒಮ್ಮೆ ಕೂಡಿದರೆ ಕೂಡಿದಂತೆಯೇ. ಮನುಷ್ಯನ ಕಸಿಯನ್ನಾದರೋ ಪ್ರತಿದಿನವೂ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಮಾತ್ರೆಯ ಬಲದಿಂದ ಮತ್ತೆ ಮತ್ತೆ ಕೂಡಿಸುತ್ತಿರಬೇಕಾಗುತ್ತದೆ. ಆ ಪಟ್ಟಿಯನ್ನು ಬಿಚ್ಚುವ ದಿನವೆಂಬುದು ಬರುವುದೇ ಇಲ್ಲ.

ವಿಜ್ಞಾನದ ವಿದ್ಯಾರ್ಥಿನಿಯಲ್ಲದ ನನಗೆ ಈ ವಿಷಯವೇಕೆ ಎಂದು ಸಹಪಾಠಿಗಳು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆದುದರಿಂದ ಸೋದರಮಾವನ ಆಸ್ಪತ್ರೆಯ ಕಾಗದಗಳನ್ನು ಓದಿ ಹೇಳುವ ಕೆಲಸವು ಪಿಯುಸಿಯಲ್ಲಿದ್ದಾಗಲೇ ನನ್ನ ಪಾಲಿಗೆ ಬಂತು. ಕ್ರಿಯಾಟಿನಿನ್ ಎಂಬ ಶಬ್ದವನ್ನು ನಾನು ಕಲಿತದ್ದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ. ಹಾಗೆ ಓದುತ್ತ, ಕೇಳುತ್ತ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂತ್ರಪಿಂಡಗಳು ನಮ್ಮ ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎಡಬಲಕ್ಕೆ ಒಂದೊಂದರಂತೆ ಇವೆ. ಗಾತ್ರದಲ್ಲಿ ನಮ್ಮ ನಮ್ಮ ಮುಷ್ಟಿಯಷ್ಟು. ಈ ಎರಡು ಸಣ್ಣ ಅವಯವಗಳು ದಿನವೊಂದಕ್ಕೆ ಸುಮಾರು ೧೮೦ ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಕ್ಕೆ ಬಿಡುತ್ತವೆ. ಅಷ್ಟೇ ಅಲ್ಲ, ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವುದು, ಕೆಂಪು ರಕ್ತಕಣಗಳನ್ನು ಹುಟ್ಟಿಸಲು ಮಜ್ಜೆಗೆ ಸೂಚನೆ ಕೊಡುವುದು, ಎಲುಬುಗಳನ್ನು ಗಟ್ಟಿಯಾಗಿಡುವುದು, ಇವೂ ಅವುಗಳ ಕೆಲಸವೇ. ಸಿಹಿಮೂತ್ರ ರೋಗವೂ ರಕ್ತದೊತ್ತಡವೂ ಇವನ್ನು ಮೆಲ್ಲಮೆಲ್ಲನೆ ಕೆಡಿಸುತ್ತವೆ. ಕೆಡುವಾಗ ನೋವಿಲ್ಲ, ಜ್ವರವಿಲ್ಲ. ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆಯೇ ಕಾಲು ಊದಿಕೊಂಡು, ಅನ್ನ ಸೇರದೆ, ಮನುಷ್ಯನು ವೈದ್ಯರ ಬಳಿಗೆ ಓಡುವನು.

ಆಗ ಇರುವ ದಾರಿಗಳು ಎರಡೇ: ಡಯಾಲಿಸಿಸ್, ಇಲ್ಲವೇ ಕಸಿ. ಡಯಾಲಿಸಿಸ್ ಎಂದರೆ ಯಂತ್ರದ ಮೂಲಕ ರಕ್ತವನ್ನು ಹಾಯಿಸಿ ಶುದ್ಧಗೊಳಿಸುವುದು. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಮಲಗಿರಬೇಕು. ೨೦೧೬ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಆರಂಭವಾದ ಮೇಲೆ ಸರಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಇದು ಉಚಿತವಾಗಿ ದೊರೆಯುವಂತಾದುದು ಅಲ್ಪ ಉಪಕಾರವಲ್ಲ. ಆದರೂ ಒಳಗಿನ ಹಳ್ಳಿಯಿಂದ ಮುಂಜಾನೆಯ ಬಸ್ಸು ಹಿಡಿದು ಹೋಗಿ, ಸಂಜೆ ಸುಸ್ತಾಗಿ ಮರಳಿ, ಮರುದಿನವೆಲ್ಲ ಮಲಗಿ, ಅದರ ಮರುದಿನ ಮತ್ತೆ ಹೊರಡುವವನಿಗೆ ವಾರದಲ್ಲಿ ಉಳಿಯುವ ದಿನಗಳೆಷ್ಟು? ಅವನ ಜೊತೆಗೆ ಹೋಗುವವರ ದಿನಗೂಲಿಯೂ ಹೋಯಿತೆಂದೇ ಲೆಕ್ಕ.

ಎಲ್ಲಕ್ಕಿಂತ ಕಠಿಣವಾದುದು ನೀರಿನ ಲೆಕ್ಕ. ಮೂತ್ರವೇ ಆಗದವನು ಕುಡಿದ ನೀರೆಲ್ಲ ಶರೀರದಲ್ಲಿಯೇ ನಿಲ್ಲುವುದರಿಂದ, ಗಂಜಿಯ ತೆಳಿ, ಸಾರು, ಚಹಾ ಎಲ್ಲವೂ ಸೇರಿ ದಿನಕ್ಕೆ ಒಂದು ಲೀಟರಿನ ಆಸುಪಾಸಿನಲ್ಲಿ ನಿಲ್ಲಿಸಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ, ಬಾವಿಯ ನೀರು ಕೈಗೆಟುಕುವಂತೆ ಮೇಲೇರುವ ನಮ್ಮ ಸೀಮೆಯಲ್ಲಿ, ಆಷಾಢದ ಮಳೆಯನ್ನು ನೋಡುತ್ತ ಜಗಲಿಯಲ್ಲಿ ಕುಳಿತು ಲೋಟದಲ್ಲಿ ನೀರನ್ನು ಅಳೆದು ಕುಡಿಯುವುದಕ್ಕಿಂತ ವಿಪರೀತವಾದ ದೃಶ್ಯ ಬೇರೊಂದಿಲ್ಲ. ಇನ್ನು ರೋಗಿಯನ್ನು ನೋಡಲು ಬರುವವರೆಲ್ಲ ತರುವುದು ಬೊಂಡ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡ ಕೆಟ್ಟವನ ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಂತುಹೋಗಬಹುದು. ನಮ್ಮ ಹಿತ್ತಿಲಿನ ದಾರೆಹುಳಿಯಂತೂ ಇಂತಹವನಿಗೆ ಸಾಕ್ಷಾತ್ ವಿಷ. ಅದರಲ್ಲಿರುವ ಒಂದು ದ್ರವ್ಯವು ಮೂತ್ರಪಿಂಡ ಸರಿಯಿದ್ದವರಲ್ಲಿ ಹೊರಗೆ ಹೋಗುತ್ತದೆ. ಇಲ್ಲದವರಲ್ಲಿ ಮೆದುಳಿಗೇರಿ ಬಿಡದ ಬಿಕ್ಕಳಿಕೆ, ಬುದ್ಧಿಭ್ರಮೆ, ಅಪಸ್ಮಾರಗಳನ್ನು ತರುತ್ತದೆ. ಬಿಂಬುಳಿಯ ರಸವನ್ನು ಔಷಧವೆಂದು ಲೋಟಗಟ್ಟಲೆ ಕುಡಿದು, ಆರೋಗ್ಯವಾಗಿದ್ದ ಮೂತ್ರಪಿಂಡವನ್ನೇ ಕೆಡಿಸಿಕೊಂಡವರ ಸಂಗತಿಗಳು ನೆರೆಯ ಕೇರಳದಿಂದ ವರದಿಯಾಗಿವೆ. ಮೀನುಸಾರಿಗೆ ಹಾಕುವ ಎರಡು ಬಿಂಬುಳಿಗೆ ಹೆದರಬೇಕೆಂದು ಇದರ ಅರ್ಥವಲ್ಲ.

ಕಸಿಯ ಚರಿತ್ರೆಯು ಅಷ್ಟೇನೂ ಹಳೆಯದಲ್ಲ. ೧೯೫೪ನೆಯ ಇಸವಿಯ ದಶಂಬರ ೨೩ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರ್ರೆ ಎಂಬವರು ರೊನಾಲ್ಡ್ ಹೆರಿಕ್ ಎಂಬ ತರುಣನ ಒಂದು ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಜೋಡಿಸಿದರು. ಅದಕ್ಕೆ ಮುಂಚಿನ ಪ್ರಯತ್ನಗಳೆಲ್ಲ ಸೋತಿದ್ದವು. ಇದು ಗೆದ್ದಿತು; ಏಕೆಂದರೆ ಅವರಿಬ್ಬರೂ ತದ್ರೂಪಿ ಅವಳಿಗಳು. ರಿಚರ್ಡನ ಶರೀರವು ಅಣ್ಣತಮ್ಮನ ಅವಯವವನ್ನು ಪರಕೀಯವೆಂದು ಎಣಿಸಲಿಲ್ಲ. ಅವನು ತನ್ನ ಶುಶ್ರೂಷೆ ಮಾಡಿದ ದಾದಿಯನ್ನೇ ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿ, ೧೯೬೩ರವರೆಗೆ ಬದುಕಿದನು. ದಾನ ಕೊಟ್ಟ ರೊನಾಲ್ಡನಾದರೋ ಒಂದೇ ಮೂತ್ರಪಿಂಡದಲ್ಲಿ ೨೦೧೦ರವರೆಗೆ, ಎಂದರೆ ೭೯ ವಯಸ್ಸಿನವರೆಗೆ ಬಾಳಿದನು. ಕೊಟ್ಟವನ ಗತಿಯೇನು ಎಂದು ಕೇಳುವವರಿಗೆ ಈ ಒಂದು ಉದಾಹರಣೆಯನ್ನು ನಾನು ಯಾವಾಗಲೂ ಹೇಳುವುದುಂಟು. ಡಾಕ್ಟರ್ ಮರ್ರೆಯವರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಆದರೆ ಎಲ್ಲರಿಗೂ ಅವಳಿ ಸಹೋದರರು ಇರುತ್ತಾರೆಯೇ? ಪರಕೀಯವಾದುದನ್ನು ಗುರುತಿಸಿ ಹೊಡೆದಟ್ಟುವುದು ಶರೀರದ ಸ್ವಭಾವ. ಸಿಡುಬು, ಕ್ಷಯ, ವಿಷಮಶೀತಗಳೊಡನೆ ಹೋರಾಡಿ ನಮ್ಮನ್ನು ಉಳಿಸುವ ಆ ಕಾವಲುಶಕ್ತಿಯೇ, ಪ್ರಾಣವುಳಿಸಲು ಬಂದ ಮೂತ್ರಪಿಂಡದ ಮೇಲೂ ಬೀಳುತ್ತದೆ. ಅದನ್ನು ಮಂಕುಗೊಳಿಸುವ ಮದ್ದುಗಳು ಒಂದೊಂದಾಗಿ ಬಂದವು. ಅವುಗಳಲ್ಲಿ ಎರಡರ ಹುಟ್ಟು ವಿಚಿತ್ರವಾದುದು. ನಾರ್ವೆ ದೇಶದ ಪ್ರಸ್ಥಭೂಮಿಯೊಂದರಿಂದ ಸ್ವಿಟ್ಜರ್ಲೆಂಡಿನ ಔಷಧ ಸಂಸ್ಥೆಗೆ ತಂದ ಹಿಡಿ ಮಣ್ಣಿನಲ್ಲಿದ್ದ ಬೂಷ್ಟಿನಿಂದ ಸೈಕ್ಲೊಸ್ಪೋರಿನ್ ದೊರೆಯಿತು. ೧೯೮೩ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿಯಾಯಿತು. ಜಪಾನಿನ ತ್ಸುಕುಬ ಎಂಬಲ್ಲಿನ ಮಣ್ಣಿನಿಂದ ೧೯೮೪ರಲ್ಲಿ ಟ್ಯಾಕ್ರೊಲಿಮಸ್ ಕಂಡುಹಿಡಿಯಲ್ಪಟ್ಟಿತು. ಇಂದು ಕಸಿಯಾದವರಲ್ಲಿ ಬಹುಪಾಲು ಮಂದಿ ನುಂಗುವುದು ಈ ಎರಡನೆಯದನ್ನೇ. ನಮ್ಮ ದೇಶದಲ್ಲಿ ೧೯೭೧ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಜೀವಂತ ದಾನಿಯಿಂದ ಮೂತ್ರಪಿಂಡವನ್ನು ಪಡೆದು ಮಾಡಿದ ಕಸಿಯು ಯಶಸ್ವಿಯಾಯಿತು. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನಕ್ಕೆ ಈಗ ವೆಲ್ಲೂರಿನ ದಾರಿ ಹಿಡಿಯಬೇಕಾಗಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿಯೇ ಈ ಶಸ್ತ್ರಕ್ರಿಯೆ ನಡೆಯುತ್ತದೆ.

ಶಸ್ತ್ರಕ್ರಿಯೆಯ ವಿಷಯದಲ್ಲಿ ಜನರಿಗೆ ಆಶ್ಚರ್ಯವೆನಿಸುವ ಸಂಗತಿಯೊಂದುಂಟು. ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ. ಹೊಸದನ್ನು ಹೊಟ್ಟೆಯ ಕೆಳಗೆ, ತೊಡೆಸಂದಿಯ ಮೇಲ್ಗಡೆ ಕೂರಿಸಿ, ಅಲ್ಲಿಯ ರಕ್ತನಾಳಗಳಿಗೆ ಹೊಲಿಯುತ್ತಾರೆ. ಹಾಗಾಗಿ ನನ್ನ ಮಾವನಿಗೆ ಈಗ ಮೂರು. ಎರಡು ಪಿಂಚಣಿ ಪಡೆದಿವೆ, ಒಂದು ಕೆಲಸ ಮಾಡುತ್ತಿದೆ ಎಂದು ಅವರೇ ನಗುವುದುಂಟು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಜೀವ ಉಳಿಯಿತು, ಸರಿ; ಬದುಕು ಹೇಗಿದೆ? ೧೯೪೮ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ಬರಿಯ ರೋಗವಿಲ್ಲದಿರುವಿಕೆಯಲ್ಲ, ಶಾರೀರಿಕ, ಮಾನಸಿಕ, ಸಾಮಾಜಿಕ ಕ್ಷೇಮವೂ ಹೌದೆಂದು ಹೇಳಿತು. ಈ ಕ್ಷೇಮವನ್ನು ಅಳೆಯಲು ವಿದ್ವಾಂಸರು ಪ್ರಶ್ನಾವಳಿಗಳನ್ನೇ ಸಿದ್ಧಪಡಿಸಿದ್ದಾರೆ. ಮೆಟ್ಟಿಲು ಹತ್ತಬಲ್ಲಿರಾ, ನೋವಿನಿಂದ ಕೆಲಸಕ್ಕೆ ಅಡ್ಡಿಯಾಯಿತೆ, ನಿದ್ದೆ ಹೇಗೆ, ಮನಸ್ಸು ಕುಗ್ಗಿದೆಯೆ, ನೆಂಟರಿಷ್ಟರನ್ನು ನೋಡಲು ಹೋಗುತ್ತೀರಾ ಎಂದು ಮುಂತಾಗಿ ಕೇಳಿ ಅಂಕ ಹಾಕುವರು. ಬೇರೆ ಬೇರೆ ದೇಶಗಳಲ್ಲಿ ಹೀಗೆ ಅಳೆದು ನೋಡಿದವರು ಸಾಮಾನ್ಯವಾಗಿ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ಕಸಿಯಾದವರ ಬಾಳು ಡಯಾಲಿಸಿಸಿನಲ್ಲಿರುವವರ ಬಾಳಿಗಿಂತ ಎಷ್ಟೋ ಮೇಲು, ಆದರೆ ಪೂರ್ಣ ಆರೋಗ್ಯವಂತರ ಬಾಳಿಗೆ ತುಸು ಕೆಳಗೆ. ಈ 'ಎಷ್ಟೋ ಮೇಲು' ಎಂಬುದರಲ್ಲಿಯೂ 'ತುಸು ಕೆಳಗೆ' ಎಂಬುದರಲ್ಲಿಯೂ ಏನೇನು ಅಡಗಿದೆ ಎಂಬುದನ್ನು ಮನೆಯೊಳಗಿದ್ದು ನೋಡಿದವರೇ ಬಲ್ಲರು.

ಮೇಲಾದುದರಲ್ಲಿ ಮೊದಲನೆಯದು ನೀರು. ಕಸಿಯಾದ ಮೇಲೆ ವೈದ್ಯರು ದಿನಕ್ಕೆ ಎರಡು ಮೂರು ಲೀಟರು ಕುಡಿಯಿರೆಂದು ಅವರಾಗಿಯೇ ಹೇಳುವರು. "ನೀರ್ ಕುಡುದಂದ್ರೆ ಎಂತ ಅಂದೇಳಿ ಈಗ ಗೊತ್ತಾಯ್ತ್ ಕಾಣ್" ಎಂದು ಮಾವ ಆಸ್ಪತ್ರೆಯಲ್ಲಿ ಹೇಳಿದ ಮಾತನ್ನು ಯಾವ ಪ್ರಶ್ನಾವಳಿಯು ಅಳೆದೀತು! ಬಾಯಿಯ ಕಹಿ ಹೋಗಿ ಅನ್ನ ರುಚಿಸುತ್ತದೆ. ರಕ್ತ ಹೆಚ್ಚಿ ಮುಖಕ್ಕೆ ಕಳೆ ಬರುತ್ತದೆ. ಮೈಯ ತುರಿಕೆ ನಿಂತು ನಿದ್ದೆ ಹತ್ತುತ್ತದೆ. ವಾರದ ದಿನಗಳು ತಿರುಗಿ ಕೈಗೆ ಬರುತ್ತವೆ. ಹೆಂಗಸರಲ್ಲಿ ನಿಂತಿದ್ದ ಮುಟ್ಟು ಮರಳಿ, ವೈದ್ಯರ ಸಲಹೆಯಂತೆ ಒಂದೆರಡು ವರ್ಷ ಕಾದು, ಕೆಲವು ಮದ್ದುಗಳನ್ನು ಬದಲಿಸಿಕೊಂಡು ತಾಯಿಯಾದವರೂ ಇದ್ದಾರೆ. ೧೯೫೬ರಲ್ಲಿ ತನ್ನ ಅವಳಿ ಸೋದರಿಯಿಂದ ಮೂತ್ರಪಿಂಡ ಪಡೆದ ಈಡಿತ್ ಹೆಲ್ಮ್ ಎಂಬ ಅಮೆರಿಕದ ಮಹಿಳೆಯು ೧೯೫೮ರಲ್ಲಿಯೇ ಮಗುವನ್ನು ಹೆತ್ತಳು.

ಇನ್ನು ಇದರ ಬೆಲೆ. ಟ್ಯಾಕ್ರೊಲಿಮಸ್ ಮಾತ್ರೆಯನ್ನು ಹನ್ನೆರಡು ತಾಸಿಗೊಮ್ಮೆ, ಹೊತ್ತು ತಪ್ಪದೆ ನುಂಗಬೇಕು. ಬೆಳಗ್ಗೆ ಎಂಟು, ರಾತ್ರಿ ಎಂಟು. ಮಾರಣಕಟ್ಟೆ ಮೇಳದ ಆಟಕ್ಕೆ ಹೋದರೂ ಕಿಸೆಯಲ್ಲಿ ಮಾತ್ರೆಯಿರಬೇಕು. ರಕ್ತದಲ್ಲಿ ಇದರ ಮಟ್ಟ ಇಳಿದರೆ ಶರೀರವು ಹೊಸ ಅವಯವವನ್ನು ತಿರಸ್ಕರಿಸುತ್ತದೆ. ಏರಿದರೆ ಅದೇ ಮದ್ದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕೈ ನಡುಗಿಸುತ್ತದೆ. ನಮ್ಮ ಮನೆಗಳ ಹಿಂದೆ ಬೆಳೆಯುವ ಚಕ್ಕೋತದ ಹಣ್ಣು ಈ ಮಟ್ಟವನ್ನು ಏರಿಸಬಲ್ಲುದಾದ್ದರಿಂದ ಅದನ್ನು ವರ್ಜಿಸಬೇಕು. ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಮದ್ದು ಮುಖವನ್ನು ಗುಂಡಗಾಗಿಸುತ್ತದೆ, ಮೈ ತೂಕ ಹೆಚ್ಚಿಸುತ್ತದೆ, ಹಿಂದೆ ಇಲ್ಲದವರಿಗೆ ಸಿಹಿಮೂತ್ರ ರೋಗ ತರುವುದೂ ಉಂಟು. ಮುಖದ ಬದಲಾವಣೆಯು ಐವತ್ತರ ಗಂಡಸಿಗೆ ದೊಡ್ಡದಲ್ಲದಿರಬಹುದು. ಮದುವೆಯ ವಯಸ್ಸಿನ ಹುಡುಗಿಗೆ ಅದು ಕಾಯಿಲೆಯಷ್ಟೇ ಸಂಕಟದ ವಿಷಯ. ನಾಚಿಕೆಯಿಂದ ಮದ್ದು ಬಿಟ್ಟು ಕಸಿಯನ್ನೇ ಕಳೆದುಕೊಂಡ ತರುಣ ತರುಣಿಯರ ಬಗ್ಗೆ ಎಲ್ಲ ದೇಶಗಳ ವೈದ್ಯರೂ ಬರೆಯುತ್ತಾರೆ.

ಕಾವಲು ಶಕ್ತಿಯನ್ನು ಮಂಕುಗೊಳಿಸಿದ ಮೇಲೆ ಸೋಂಕುಗಳಿಗೆ ಬಾಗಿಲು ತೆರೆದಂತೆಯೇ. ಮೊದಲ ಆರು ತಿಂಗಳು ಅಪಾಯ ಹೆಚ್ಚು. ಪೇಟೆಯವರಿಗೆ ಬರೆದ ಸೂಚನೆಗಳು ಹಳ್ಳಿಯವರಿಗೆ ಸಾಲವು ಎಂದು ನನಗೆ ಅನಿಸಿದ್ದು ಇಲ್ಲಿಯೇ. ಗುಂಪಿಗೆ ಹೋಗಬೇಡಿ, ಮುಖಕವಚ ಧರಿಸಿ, ಹೊರಗಿನ ತಿಂಡಿ ತಿನ್ನಬೇಡಿ ಎಂದು ಅವುಗಳಲ್ಲಿ ಇರುತ್ತದೆ. ಆದರೆ ಮಳೆಗಾಲದಲ್ಲಿ ಬರಿಗಾಲಲ್ಲಿ ಬೈಲಿಗೆ ಇಳಿಯುವವನಿಗೆ ದೊಡ್ಡ ಶತ್ರು ಇಲಿಜ್ವರ. ಇಲಿಯ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಸಣ್ಣ ಗಾಯದ ಮೂಲಕ ಒಳಹೊಕ್ಕು ಬರುವ ಈ ಜ್ವರವು ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲಕ್ಕೂ ಕಾಣಿಸಿಕೊಳ್ಳುತ್ತದೆ. ಅದು ಹೊಡೆಯುವುದೂ ಮೂತ್ರಪಿಂಡವನ್ನೇ. ನೇಜಿ ನೆಡುವ ಕೆಲಸವನ್ನು ಬಿಟ್ಟುಬಿಡುವುದು ಲೇಸು. ಇಳಿಯಲೇಬೇಕಾದರೆ ಮೊಣಕಾಲುದ್ದದ ಬೂಟು ಬೇಕು. ಕೊಟ್ಟಿಗೆಯ ಗೊಬ್ಬರ, ಬೂಷ್ಟು ಹಿಡಿದ ಹುಲ್ಲು ಇವನ್ನೂ ಬೇರೆಯವರು ಎತ್ತಬೇಕು. ಮದ್ದು ಹುಟ್ಟಿದ್ದು ಮಣ್ಣಿನಿಂದ, ಮದ್ದು ತಿನ್ನುವವನು ಅಂಜಬೇಕಾದುದೂ ಮಣ್ಣಿಗೆ! ಬಾವಿಯ ನೀರನ್ನು ಕುದಿಸಿ ಆರಿಸಿ ಕುಡಿಯಬೇಕು. ದೇವಸ್ಥಾನದ ತೀರ್ಥವನ್ನು ಬೇಡವೆನ್ನುವುದು ಹೇಗೆ ಎಂಬುದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಕಣ್ಣಿಗೊತ್ತಿ ತಲೆಗೆ ಹಾಕಿಕೊಂಡರೆ ಸಾಕು, ದೇವರಿಗೆ ಗೊತ್ತಾಗುತ್ತದೆ ಎಂದು ಅಜ್ಜಿ ತೀರ್ಪು ಕೊಟ್ಟರು. ಮೀನಿಗೆ ಅಡ್ಡಿಯಿಲ್ಲ, ಚೆನ್ನಾಗಿ ಬೆಂದಿರಬೇಕು. ಉಪ್ಪು ಮೀನನ್ನು ಮಾತ್ರ ಮರೆತುಬಿಡಬೇಕು. ಮೈಕೈ ನೋವಿಗೆ ಅಂಗಡಿಯ ಮಾತ್ರೆಯನ್ನಾಗಲಿ, ಯಾರೋ ಹೇಳಿದರೆಂದು ಬೇರು ನಾರಿನ ಕಷಾಯವನ್ನಾಗಲಿ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಹಿತ್ತಿಲಿನ ಮದ್ದುಗಳನ್ನು ಹೀಗಳೆಯುವವಳು ನಾನಲ್ಲ. ಆದರೆ ಅವು ಈ ಮಾತ್ರೆಗಳೊಡನೆ ಸೇರಿ ಏನು ಮಾಡುತ್ತವೆಂಬುದನ್ನು ಕೊಡುವವರೂ ತಿಳಿದಿರುವುದಿಲ್ಲ.

ಹಣದ ಮಾತನ್ನು ಬಿಡುವಂತಿಲ್ಲ. ಶಸ್ತ್ರಕ್ರಿಯೆಗೆ ಊರವರು ಕೈಯೆತ್ತಿ ಕೊಡುವರು, ಸರಕಾರದ ಯೋಜನೆಗಳೂ ನೆರವಾಗುತ್ತವೆ. ಆಮೇಲಿನ ಮಾತ್ರೆಗಳಿಗೆ ತಿಂಗಳು ತಿಂಗಳೂ ಸಾವಿರಾರು ರೂಪಾಯಿ ಬೇಕು, ಅದೂ ಆಯುಷ್ಯಪರ್ಯಂತ. ಮೊದಮೊದಲು ವಾರಕ್ಕೆರಡು ಸಲ, ಮುಂದೆ ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗಬೇಕು. ಬೈಂದೂರಿನ ಕಡೆಯಿಂದ ಮಣಿಪಾಲಕ್ಕೆ ಅರವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇತ್ತ ಸಂಪಾದನೆ ಕುಗ್ಗಿರುತ್ತದೆ. ನನ್ನ ಮಾವ ದೂರದ ಊರಿನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಕಸಿಯಾಗಿ ವರ್ಷವಾದ ಮೇಲೆ ವೈದ್ಯರ ಚೀಟಿ ಹಿಡಿದು ಹೋದರೆ, ಧಣಿಗಳು ಆದರದಿಂದ ಊಟ ಹಾಕಿ, ಕೆಲಸವಿಲ್ಲವೆಂದು ಕಳುಹಿಸಿದರು. ಅವರ ಅಂಜಿಕೆಯೇನೆಂಬುದು ಅರ್ಥವಾಗುತ್ತದೆ. ಆದರೆ ಮೊದಲ ಎರಡು ಮೂರು ತಿಂಗಳು ಭಾರ ಎತ್ತದೆ ಎಚ್ಚರವಾಗಿದ್ದು ಆ ಬಳಿಕ ಕಸಿಯಾದವರು ತಮಗೊಗ್ಗುವ ಕೆಲಸವನ್ನು ಮಾಡಬಲ್ಲರೆಂಬುದನ್ನು ಯಾರಾದರೂ ಅವರಿಗೆ ಹೇಳಬೇಕಾಗಿತ್ತು. ಈಗ ಮಾವ ಊರಲ್ಲಿಯೇ ಸಣ್ಣದೊಂದು ಅಂಗಡಿ ಇಟ್ಟಿದ್ದಾರೆ. ದುಡ್ಡು ಸಾಲದ ತಿಂಗಳು ಎರಡು ಹೊತ್ತಿನ ಮಾತ್ರೆಯನ್ನು ಒಂದು ಹೊತ್ತು ಮಾಡುವ ಆಸೆ ಹುಟ್ಟುತ್ತದೆ. ಎಷ್ಟೋ ಕಸಿಗಳು ಕೆಡುವುದು ಹೀಗೆಯೇ.

ಮನಸ್ಸಿನ ಪಾಡು ಇನ್ನೊಂದು. ಪರೀಕ್ಷೆಯ ಹಿಂದಿನ ರಾತ್ರಿ ಮಾವನಿಗೆ ನಿದ್ದೆಯಿಲ್ಲ. ಕ್ರಿಯಾಟಿನಿನ್ ೧.೨ ಇದ್ದುದು ೧.೪ ಆದರೆ ಮನೆಗೆಲ್ಲ ಮೋಡ ಕವಿಯುತ್ತದೆ. ಜೀವಂತ ದಾನಿಯ ಮೂತ್ರಪಿಂಡವು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ, ಮೃತ ದಾನಿಯದು ಅದಕ್ಕಿಂತ ಕಡಮೆ ಕಾಲ ಬಾಳುತ್ತದೆನ್ನುವರು. ಆ ಬಳಿಕ ಮತ್ತೆ ಡಯಾಲಿಸಿಸ್, ಇಲ್ಲವೇ ಎರಡನೆಯ ಕಸಿ. ಇದನ್ನು ತಿಳಿದೂ ದಿನನಿತ್ಯ ಅಂಗಡಿಯ ಬಾಗಿಲು ತೆಗೆಯುವುದು ಸಾಮಾನ್ಯ ಧೈರ್ಯವಲ್ಲವೆಂದೇ ನನ್ನ ಎಣಿಕೆ.

ಕೊಡುವವರು ಯಾರು? ೧೯೯೪ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡಿರು ಪರಸ್ಪರ ಕೊಡಬಹುದು. ೨೦೧೧ರ ತಿದ್ದುಪಡಿಯಿಂದ ಅಜ್ಜ ಅಜ್ಜಿ ಮೊಮ್ಮಕ್ಕಳೂ ಸೇರಿದರು. ಮಾರುವುದು, ಕೊಳ್ಳುವುದು ಎರಡೂ ಘೋರ ಅಪರಾಧ. ಮೆದುಳು ಸತ್ತವರೆಂದು ನಾಲ್ವರು ವೈದ್ಯರು ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ನಿರ್ಣಯಿಸಿದವರ ಅವಯವಗಳನ್ನು ಮನೆಯವರ ಒಪ್ಪಿಗೆಯಿಂದ ಪಡೆಯಬಹುದು. ನಮ್ಮ ರಾಜ್ಯದಲ್ಲಿ 'ಜೀವಸಾರ್ಥಕತೆ' ಎಂಬ ಸಂಸ್ಥೆಯು ಕಾದಿರುವವರ ಪಟ್ಟಿಯನ್ನಿಟ್ಟು ಸರದಿಯಂತೆ ಹಂಚುತ್ತದೆ. ಆದರೂ ನಮ್ಮ ದೇಶದಲ್ಲಿ ಹೆಚ್ಚಿನ ಮೂತ್ರಪಿಂಡಗಳು ಬರುವುದು ಜೀವಂತ ದಾನಿಗಳಿಂದಲೇ. ಆ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು. ಅವಯವ ಪಡೆಯುವವರಲ್ಲಾದರೋ ಹೆಚ್ಚಿನವರು ಗಂಡಸರು. ೧೯೯೫ರಿಂದ ೨೦೨೧ರವರೆಗೆ ದೇಶದಲ್ಲಿ ನಡೆದ ೩೬,೬೪೦ ಅಂಗಾಂಗ ಕಸಿಗಳಲ್ಲಿ ಹೆಂಗಸರಿಗೆ ಆದುದು ೬,೯೪೫ ಮಾತ್ರ. ತಾಯಿಯ, ಹೆಂಡತಿಯ ತ್ಯಾಗವೆಂದು ನಾವು ಇದನ್ನು ಹೊಗಳುತ್ತೇವೆ. ಹೊಗಳಿಕೆಗೆ ಅರ್ಹವೇ ಸರಿ. ಆದರೆ ಹೆಂಡತಿಯ ಮೂತ್ರಪಿಂಡ ಕೆಟ್ಟಾಗ ಮುಂದೆ ಬರುವವರು ಏಕೆ ಅಷ್ಟು ಕಡಮೆ? ದುಡಿಯುವವನು ಅವನು ಎಂಬುದು ಸಿದ್ಧವಾದ ಉತ್ತರ. ಬೀಡಿ ಕಟ್ಟಿ, ಗೇರುಬೀಜ ಸುಲಿದು, ದನ ಸಾಕಿ ಮನೆ ನಡೆಸುವ ನಮ್ಮ ತಾಲೂಕುಗಳ ಹೆಂಗಸರನ್ನು ನೋಡಿದವರಿಗೆ ಆ ಉತ್ತರ ಒಪ್ಪಿಗೆಯಾಗಲಾರದು.

ಮಾವನಿಗೆ ಕೊಟ್ಟವರು ಅತ್ತೆಯೇ. ಅವರು ಎಂಟು ದಿನಕ್ಕೆ ಮನೆಗೆ ಬಂದರು, ಮೂರು ತಿಂಗಳಿಗೆ ಹುಲ್ಲಿನ ಹೊರೆ ಹೊತ್ತರು. ಮಾವನ ಕಾಗದಗಳ ಕಡತ ನನ್ನ ಕೈಯ ಅಗಲದಷ್ಟು ದಪ್ಪವಾಗಿದೆ. ಅತ್ತೆಯ ಕಾಗದವೆಂದು ಇರುವುದು ಬಿಡುಗಡೆಯ ಚೀಟಿಯೊಂದೇ. ಉಳಿದ ಒಂದು ಮೂತ್ರಪಿಂಡವು ತುಸು ದೊಡ್ಡದಾಗಿ ಎರಡರ ಕೆಲಸವನ್ನು ಬಹಳ ಮಟ್ಟಿಗೆ ಮಾಡುತ್ತದೆ, ದಾನಿಗಳು ಎಲ್ಲರಂತೆ ಬಾಳಬಲ್ಲರು, ನಿಜ. ಆದರೆ ವರ್ಷಕ್ಕೊಮ್ಮೆಯಾದರೂ ಅವರ ರಕ್ತದೊತ್ತಡ, ಮೂತ್ರದಲ್ಲಿಯ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಈ ಮೂರನ್ನು ನೋಡಿಸಬೇಕೆಂಬುದು ನಿಯಮ. "ನಂಗೆಂತ ಆಯ್ತ್? ನಾ ಗಟ್ಟಿ ಇದ್ದೆ" ಎಂದು ಅತ್ತೆ ನಾಲ್ಕು ವರ್ಷ ಮುಂದೂಡಿದರು. ಈ ಸಲ ದೀಪಾವಳಿಯ ರಜೆಯಲ್ಲಿ ಹಾಲನ್ನು ಡೈರಿಗೆ ಹಾಕಿ ಬಂದ ಕೂಡಲೇ ಹೊರಡಿಸಿಕೊಂಡು ಹೋದೆ. ಕ್ರಿಯಾಟಿನಿನ್ ೧.೦, ಮೂತ್ರದಲ್ಲಿ ಆಲ್ಬುಮಿನ್ ಇಲ್ಲ. ರಕ್ತದೊತ್ತಡ ಮಾತ್ರ ೧೫೦ಕ್ಕೆ ೯೪. ಈಗ ಆ ಮನೆಯಲ್ಲಿ ಎರಡು ಕಡತಗಳಿವೆ. ರಾತ್ರಿ ಎಂಟು ಗಂಟೆಗೆ ಇಬ್ಬರೂ ಮಾತ್ರೆ ನುಂಗುತ್ತಾರೆ.